ಮೀನು ಮಾರುಕಟ್ಟೆಯ ಬಿಳಿ ಅಂಗಿಗಳು

ಎಕೆ-47 ಬಂದೂಕಿನ ತೂಕ ಸುಮಾರು ನಾಲ್ಕು ಕಿಲೋ. ಹತ್ತು ವರ್ಷದ ಹುಡುಗ ಅದನ್ನು ಹೊರಬಲ್ಲ. ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಪಾಟೀಚೀಲ ಹೊರಬೇಕಾಗಿದ್ದ ಸಾವಿರಾರು ಮಕ್ಕಳು ಬಂದೂಕು ಹೊತ್ತರು.

ಅಮೆರಿಕದಿಂದ ಮರಳಿದ ಕರಿಯರು, ಗುಲಾಮಗಿರಿಯಿಂದ ಬಿಡುಗಡೆಯಾದವರು, ನೆಲೆಯೂರಿ ಕಟ್ಟಿದ ದೇಶ ಇದು. 1847ರಲ್ಲಿ ಸ್ವತಂತ್ರವಾಯಿತು. ಆದರೆ ಬಂದವರ ಸಂತತಿ ಮೂಲ ನಿವಾಸಿಗಳನ್ನು ಶತಮಾನಕ್ಕೂ ಮಿಕ್ಕಿ ಆಳಿತು. ಒಳಗೇ ಕುದಿಯುತ್ತಿದ್ದ ಅಸಮಾಧಾನ 1980ರಲ್ಲಿ ಸೈನಿಕ ಕ್ರಾಂತಿಯಾಗಿ ಸಿಡಿಯಿತು. 1989ರ ಡಿಸೆಂಬರ್‌ನಲ್ಲಿ ಚಾರ್ಲ್ಸ್ ಟೇಲರ್‌ನ ಬಂಡುಕೋರ ಪಡೆ ಗಡಿ ದಾಟಿ ಬಂದಾಗ ಅಂತರ್ಯುದ್ಧ ಶುರುವಾಯಿತು. 1997ರಲ್ಲಿ ಅದೇ ಟೇಲರ್ ಚುನಾವಣೆ ಗೆದ್ದು ಅಧ್ಯಕ್ಷನಾದ. ಎರಡೇ ವರ್ಷಗಳಲ್ಲಿ ಅವನ ವಿರುದ್ಧ ಮತ್ತೊಂದು ಯುದ್ಧ! ಎರಡೂ ಸೇರಿ ಸುಮಾರು ಎರಡೂವರೆ ಲಕ್ಷ ಜನ ಸತ್ತರೆಂದು ಅಂದಾಜು.

ಇಂಥ ಹೊತ್ತಿನಲ್ಲಿ ಜನರನ್ನು ಒಟ್ಟುಗೂಡಿಸಲು ಹೊರಟವರು ಹೆಂಗಸರು. ಅವರ ಮುಂದಾಳು ಲೇಮಾ ಬೋವಿ, ಮಾಜಿ ಬಾಲಸೈನಿಕರ ನಡುವೆ ದುಡಿದ ಸಮಾಜ ಕಾರ್ಯಕರ್ತೆ. ಅವರ ಬಳಿ ಹಣವಿರಲಿಲ್ಲ, ಪಕ್ಷವಿರಲಿಲ್ಲ. ಶುಕ್ರವಾರ ಮಸೀದಿಗೆ, ಶನಿವಾರ ಸಂತೆಗೆ, ಭಾನುವಾರ ಚರ್ಚಿಗೆ ಹೋಗಿ ಮಾತಾಡಿದರು. ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು ಒಂದೇ ಸಂಘಟನೆಯಲ್ಲಿ ಸೇರಿದರು. ಮಗನನ್ನು ಕಳೆದುಕೊಂಡ ತಾಯಿಯ ದುಃಖಕ್ಕೆ ಮತವೆಲ್ಲಿಯದು?

2003ರ ಏಪ್ರಿಲ್‌ನಲ್ಲಿ ರಾಜಧಾನಿ ಮನ್ರೋವಿಯದ ಮೀನು ಮಾರುಕಟ್ಟೆಯ ಬಳಿ ಅವರು ಧರಣಿ ಕೂತರು. ಬಿಳಿ ಅಂಗಿ, ಬಿಳಿ ತಲೆವಸ್ತ್ರ. ಒಡವೆಯಿಲ್ಲ, ಸಿಂಗಾರವಿಲ್ಲ. ಅಧ್ಯಕ್ಷನ ಕಾರು ಓಡಾಡುವ ದಾರಿ ಅದು. ಬಿಸಿಲಿರಲಿ ಮಳೆಯಿರಲಿ, ಅವರು ಕದಲಲಿಲ್ಲ. ಬೇಡಿಕೆ ಮೂರೇ: ಕೂಡಲೇ ಕದನ ನಿಲ್ಲಲಿ, ಮಾತುಕತೆ ನಡೆಯಲಿ, ಶಾಂತಿಪಡೆ ಬರಲಿ. ಯಾರ ಪಕ್ಷವನ್ನೂ ವಹಿಸದ ಕಾರಣ ಯಾರೂ ಅವರನ್ನು ಎದುರಾಳಿಯ ಕಡೆಯವರೆಂದು ತಳ್ಳಿಹಾಕಲಾಗಲಿಲ್ಲ. ಟೇಲರ್ ಅವರನ್ನು ಕರೆಸಿ ಕೇಳಿ, ಮಾತುಕತೆಗೆ ಒಪ್ಪಿದ. ಬಂಡುಕೋರ ನಾಯಕರನ್ನೂ ಹೆಂಗಸರೇ ಕಂಡು ಒಪ್ಪಿಸಿದರು.

ಜೂನ್‌ನಲ್ಲಿ ಘಾನಾದ ಅಕ್ರಾದಲ್ಲಿ ಮಾತುಕತೆ ಆರಂಭವಾಯಿತು. ವಾರಗಳು ಉರುಳಿದವು. ನಾಯಕರು ಹೋಟೆಲಿನಲ್ಲಿ ಪದವಿಗಳಿಗಾಗಿ ಚೌಕಾಸಿ ನಡೆಸಿದ್ದರೆ ಮನ್ರೋವಿಯದ ಮೇಲೆ ಷೆಲ್‌ಗಳು ಬೀಳುತ್ತಿದ್ದವು. ಜುಲೈನಲ್ಲಿ ಹೆಂಗಸರು ಸಭಾಂಗಣದ ಬಾಗಿಲಿಗೆ ಅಡ್ಡ ಕೂತುಬಿಟ್ಟರು. ಬಂಧಿಸಲು ಕಾವಲುಗಾರರು ಬಂದಾಗ ಬೋವಿ ತನ್ನ ಉಡುಪನ್ನೇ ಕಳಚಲು ಮುಂದಾದಳು. ತಾಯಿಯಾದವಳು ಹಾಗೆ ಮಾಡುವುದೆಂದರೆ ಆ ನಾಡಿನಲ್ಲಿ ದೊಡ್ಡ ಶಾಪ. ಕಾವಲುಗಾರರು ಹಿಂದೆ ಸರಿದರು. ಸಂಧಾನಕಾರ, ನೈಜೀರಿಯಾದ ಮಾಜಿ ಮುಖ್ಯಸ್ಥ ಅಬ್ದುಲ್‌ಸಲಾಮಿ ಅಬೂಬಕರ್, ಹೊರಬಂದು ಅವರ ಮಾತು ಆಲಿಸಿದರು. ಆಗಸ್ಟ್ 11ರಂದು ಟೇಲರ್ ಅಧಿಕಾರ ಬಿಟ್ಟು ದೇಶ ತೊರೆದ. 18ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಇದೆಲ್ಲ ಧರಣಿಯೊಂದರಿಂದಲೇ ಆಯಿತೆನ್ನುವಂತಿಲ್ಲ. ಟೇಲರ್ ಮೇಲೆ ಯುದ್ಧಾಪರಾಧದ ಆರೋಪಪಟ್ಟಿ ಬಂದಿತ್ತು. ಅಮೆರಿಕ ಮತ್ತು ನೆರೆದೇಶಗಳ ಒತ್ತಡವಿತ್ತು. ಆದರೆ ಜನ ಕದನದಿಂದ ಬೇಸತ್ತಿದ್ದಾರೆಂಬುದನ್ನು ಮುಚ್ಚಿಡಲಾಗದಂತೆ ಮಾಡಿದವರು ಈ ಹೆಂಗಸರು.

ಸಹಿ ಬಿದ್ದ ಮೇಲೂ ಅವರು ಮನೆಗೆ ಹೋಗಿ ಕೂರಲಿಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೆಂಗಸರನ್ನು ಹುರಿದುಂಬಿಸಿದರು. 2005ರಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದು, ಆಫ್ರಿಕಾದ ಮೊದಲ ಚುನಾಯಿತ ಮಹಿಳಾ ರಾಷ್ಟ್ರಾಧ್ಯಕ್ಷೆಯಾದರು. 2007ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಅಲ್ಲಿ ಕಾವಲಿಗೆ ನಿಂತದ್ದು ಭಾರತದ ಮಹಿಳಾ ಪೊಲೀಸ್ ತುಕಡಿ. 2011ರ ನೊಬೆಲ್ ಶಾಂತಿ ಪ್ರಶಸ್ತಿ ಸರ್ಲೀಫ್ ಮತ್ತು ಬೋವಿ ಇಬ್ಬರಿಗೂ, ಯೆಮೆನ್‌ನ ತವಕ್ಕುಲ್ ಕರ್ಮಾನ್ ಜೊತೆಗೆ ಸಂದಿತು.

2023ರ ಚುನಾವಣೆಯಲ್ಲಿ ಸೋತ ಅಧ್ಯಕ್ಷ ಜಾರ್ಜ್ ವೀಯಾ, ಗೆದ್ದವರಿಗೆ ಶುಭ ಹಾರೈಸಿ ಅಧಿಕಾರ ಬಿಟ್ಟುಕೊಟ್ಟರು. ಗುಂಡು ಹಾರಲಿಲ್ಲ. ನಮಗೆ ಇದು ಸಾಮಾನ್ಯ ಸುದ್ದಿ. ಹದಿನಾಲ್ಕು ವರ್ಷ ಕದನದಲ್ಲಿ ನರಳಿದ ನಾಡಿಗೆ ಅದೆಷ್ಟು ದೊಡ್ಡ ಸಂಪಾದನೆ ಎಂಬುದನ್ನು ಆ ತಾಯಂದಿರೇ ಬಲ್ಲರು.