ಕೈಗುಣವಲ್ಲ, ಮಳೆಗುಣ



'ನನ್ನ ಕೈಗೆ ಗಿಡ ಒಗ್ಗುವುದಿಲ್ಲ' ಎಂದು ನೀವು ಕುಂಡಗಳನ್ನು ಮೂಲೆಗೆ ಸರಿಸಿದ್ದರೆ ಈ ಮಾತು ನಿಮಗಾಗಿ.

ನನ್ನ ತಂಗಿಯನ್ನು ಮಂಗಳೂರಿನಿಂದ ಬೆಂಗಳೂರಿಗೆ ಮದುವೆ ಮಾಡಿಕೊಟ್ಟೆವು. ಹೊರಡುವಾಗ ಉಮ್ಮ ಹರಿವೆ, ಬೆಂಡೆ ಬೀಜ ಕಟ್ಟಿಕೊಟ್ಟಿದ್ದರು. ಅಕ್ಟೋಬರ್ ಬಂದೊಡನೆ ತವರಿನ ವಾಡಿಕೆಯಂತೆ ಅವಳು ಕುಂಡಗಳಲ್ಲಿ ಬಿತ್ತಿದಳು. ಮೊಳಕೆಯೇನೋ ಬಂತು. ಆದರೆ ವಾರದೊಳಗೆ ಸಸಿಗಳ ಬುಡ ಕೊಳೆತು ಎಲ್ಲವೂ ಮಲಗಿದವು. 'ಸೊಸೆಯ ಕೈಗುಣ ಸರಿಯಿಲ್ಲ' ಎಂದು ಮನೆಯಲ್ಲಿ ಯಾರೋ ಅಂದರು. ತಮಾಷೆಗೇ ಅಂದಿರಬಹುದು. ಆದರೆ ಎರಡು ವರ್ಷ ಅವಳು ಮಣ್ಣು ಮುಟ್ಟಲಿಲ್ಲ.

ತಪ್ಪು ಕೈಯದಲ್ಲ, ತಿಂಗಳ ಲೆಕ್ಕದ್ದು. ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಅಕ್ಟೋಬರಿನಲ್ಲಿ ಬಿಸಿಲು ಕಾಣಿಸುವುದರಿಂದ ಅಲ್ಲಿ ಬಿತ್ತನೆ ಶುರು. ಬೆಂಗಳೂರಿನ ಮಳೆ ವರ್ಷವಿಡೀ ಸೇರಿದರೂ ಸುಮಾರು 1,000 ಮಿ.ಮೀ. ಮಾತ್ರ. ಆದರೆ ಅಲ್ಲಿ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನೀರು ನಿಂತ ಕುಂಡದಲ್ಲಿ ಎಳೆ ಸಸಿಗೆ ಬೂಷ್ಟು ರೋಗ ತಗಲಿ ಬುಡ ಕೊಳೆಯುತ್ತದೆ.

ಕರಾವಳಿಯ ಸಹೋದರಿಯರು ಅಕ್ಟೋಬರಿನಲ್ಲಿ ಹರಿವೆ, ಬೆಂಡೆ, ಅಲಸಂಡೆ ಹಾಕಬಹುದು. ಜಡಿಮಳೆಗೆ ಮಣ್ಣಿನ ಸಾರ ಕೊಚ್ಚಿಹೋಗಿರುವುದರಿಂದ ಹಟ್ಟಿಗೊಬ್ಬರ ಬೆರೆಸಲೇಬೇಕು. ಡಿಸೆಂಬರ್ ಹೊತ್ತಿಗೆ ಮಣ್ಣು ಒಣಗತೊಡಗುತ್ತದೆ. ಬುಡಕ್ಕೆ ತರಗೆಲೆ ಹೊದಿಸಿದರೆ ನೀರು ಉಳಿಯುತ್ತದೆ.

ಬೆಂಗಳೂರಿನ ಕಡೆಯವರು ಅಕ್ಟೋಬರಿನಲ್ಲಿ ಬಿತ್ತುವುದಾದರೆ ಕುಂಡದ ತಳದ ತೂತು ಮುಚ್ಚಿಲ್ಲವೆಂದು ನೋಡಿ, ಮಣ್ಣಿಗೆ ಮರಳು ಬೆರೆಸಿ, ಮಳೆ ನೇರ ಬೀಳದ ಕಡೆ ಇಡಿ. ನೆಲದಲ್ಲಾದರೆ ಏರುಮಡಿ ಮಾಡಿ. ಬೆರಳಿಂದ ಮುಟ್ಟಿ ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಿ. ನವೆಂಬರಿನಲ್ಲಿ ಮಳೆ ಇಳಿದು ಚಳಿ ಶುರುವಾದಾಗ ಮೆಂತೆ, ಕೊತ್ತಂಬರಿ, ಮೂಲಂಗಿ ಬಿತ್ತಿ. ಈ ತಂಪು ಅವುಗಳಿಗೆ ಇಷ್ಟ.

ತಂಗಿಗೆ ಇದನ್ನು ತಿಳಿಸಿದವರು ನೆರೆಮನೆಯ ವೃದ್ಧೆ. ಕಳೆದ ವರ್ಷ ಅವಳು ನವೆಂಬರಿನಲ್ಲಿ ಬಿತ್ತಿದ ಮೆಂತೆ ದಟ್ಟವಾಗಿ ಬಂತು. ಒಂದು ಕಟ್ಟು ಅತ್ತೆಯ ಕೈಗೇ ಕೊಟ್ಟಳಂತೆ.

ತಾಯಂದಿರೇ, ಮಗಳಿಗೆ ಬೀಜ ಕಟ್ಟಿಕೊಡಿ. ಬಿತ್ತುವ ದಿನವನ್ನು ಅವಳು ಹೋದ ಊರಿನಲ್ಲೇ ಕೇಳಿ ತಿಳಿಯಲಿ. ಅತ್ತೆಯಂದಿರೇ, ಸೊಸೆಯ ಗಿಡ ಬಾಡಿದರೆ ಅವಳ ಕೈಯನ್ನು ದೂರುವ ಮೊದಲು ಕುಂಡದ ತೂತನ್ನೊಮ್ಮೆ ನೋಡಿ.