ಆಟದ ಬೆಲೆಯೂ ಉಪಾಧ್ಯಾಯರ ಶಿಕ್ಷಣವೂ

ಐದು ಕಲ್ಲಿನ ಆಟವಾಡುವ ಜಗಳೂರಿನ ಹುಡುಗಿ, ಮೇಲೆಸೆದ ಕಲ್ಲು ಕೈಗೆ ಬೀಳುವಷ್ಟರಲ್ಲಿ ನೆಲದ ನಾಲ್ಕರಲ್ಲಿ ಮೂರನ್ನು ಬಾಚಿಕೊಳ್ಳುತ್ತಾಳೆ. ಉಳಿದದ್ದು ಒಂದೆಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ. ಅವಳನ್ನೇ ಹಲಗೆಯ ಮುಂದೆ ನಿಲ್ಲಿಸಿ, ನಾಲ್ಕರಲ್ಲಿ ಮೂರು ಕಳೆದರೆ ಎಷ್ಟೆಂದು ಗದರಿದರೆ ಮೂಕಳಾಗುತ್ತಾಳೆ. ದಡ್ಡತನ ಯಾರದು?

ಮೂರರಿಂದ ಎಂಟು ವರುಷದ ಮಕ್ಕಳಿಗೆ ಆಟವೇ ಕಲಿಕೆಯ ದಾರಿಯೆಂದು 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಪ್ಪಿದೆ. ಒಪ್ಪಿಗೆ ಕಾಗದದ ಮೇಲಿದೆ. ನಾಳೆಯ ಉಪಾಧ್ಯಾಯನ ಮನಸ್ಸಿಗೆ ಅದು ಇಳಿಯುವ ಬಗೆ ಹೇಗೆ? ಪಾಠ ಮುಗಿದ ಮೇಲೆ ಸಿಕ್ಕುವ ಕೂಲಿಯೇ ಆಟವೆಂದು ನಂಬಿ ಬೆಳೆದವನು ಅವನು. ಎರಡು ವರುಷದ ಡಿಪ್ಲೊಮಾದಲ್ಲಿ ಆಟದ ಮಹತ್ವವನ್ನು ಅವನಿಂದ ಬಾಯಿಪಾಠ ಮಾಡಿಸಿ ಉತ್ತರ ಬರೆಯಿಸುವುದು, ಈಜನ್ನು ದಡದಲ್ಲಿ ಕೂತು ಕಲಿಸಿದಂತೆ. ಅಂಕ ಬಂದೀತು, ಹೊನ್ನಾಳಿಯ ತುಂಗಭದ್ರೆಯನ್ನು ದಾಟಲಾದೀತೆ?

ಕನ್ನಡ ನಾಡಿಗೆ ಇದರ ಪಾಠ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಹುಟ್ಟಿದ್ದು ಸುತ್ತೋಲೆಯಿಂದಲ್ಲ. ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳಿಗೆ ಹೋಗಿ, ಮಕ್ಕಳು ಗುಂಪುಗುಂಪಾಗಿ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಣ್ಣಾರೆ ಕಂಡ ಸರಕಾರಿ ಉಪಾಧ್ಯಾಯರು, ಮರಳಿ ಬಂದು ತಮ್ಮ ಕೈಯಿಂದಲೇ ಕಾರ್ಡುಗಳನ್ನು ಮಾಡಿದರು. ಕಂಡವರಿಗೆ ನಂಬಿಕೆ ಬಂತು. ಬಳಿಕ ಪದ್ಧತಿ ರಾಜ್ಯಕ್ಕೆಲ್ಲ ಹರಡಿತು. ಆದರೆ ಕಾಣದವನ ಕೈಗೆ ಬಂದ ಕಾರ್ಡು ಇನ್ನೊಂದು ಪಠ್ಯಪುಸ್ತಕವಷ್ಟೆ.

ಆಟಕ್ಕೆ ಬಿಟ್ಟರೆ ಅಕ್ಷರ ಹಿಂದೆ ಬೀಳುವುದೆಂದು ಚನ್ನಗಿರಿಯ ಓದುಬಲ್ಲ ಮನೆಗಳವರು ಅಂಜುತ್ತಾರೆ. (ನಾಲ್ಕು ವರುಷದ ಕೂಸಿನ ಕಾಪಿ ಪುಸ್ತಕವನ್ನು ನೆಂಟರಿಗೆ ತೋರಿಸುವ ಮನೆಗಳೂ ಇವೇ.) ಅಂಜಿಕೆಯನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಆಟಕ್ಕೆ ಬಿಡುವುದೆಂದರೆ ಗುರು ಕೈಕಟ್ಟಿ ಕೂರುವುದೂ ಅಲ್ಲ. ಯಾವ ಮಗು ಎಣಿಸುತ್ತಿದೆ, ಯಾವುದು ಜಗಳವನ್ನು ತಾನೇ ತೀರಿಸಿತು, ಯಾವಾಗ ಒಂದು ಹೊಸ ಮಾತನ್ನು ನಡುವೆ ಸೇರಿಸಬೇಕು, ಇವನ್ನು ಬಲ್ಲ ಕಣ್ಣು ಸುಲಭವಾಗಿ ಬರುವಂಥದಲ್ಲ. ನ್ಯಾಮತಿಯ ಸೀಮೆಯ ತಾಂಡಾಗಳಿಂದ ಬರುವ ಮಗುವಿನ ಮನೆಮಾತು ಲಂಬಾಣಿ. ಕನ್ನಡದ ಪ್ರಶ್ನೆಗೆ ಮೌನವಾಗಿರುವ ಆ ಮಗು ಕುಂಟೆಬಿಲ್ಲೆಯ ಮನೆಗಳ ಮೇಲೆ ಗೆಳತಿಯೊಡನೆ ಕನ್ನಡದಲ್ಲೇ ವಾದಕ್ಕಿಳಿಯುವುದನ್ನು ಕಾಣದ ಗುರು, ಅದಕ್ಕೆ ಬುದ್ಧಿ ಮಂದವೆಂದು ಬರೆದಿಟ್ಟಾನು.

ಆದುದರಿಂದ ಪ್ರಶಿಕ್ಷಣಾರ್ಥಿಯನ್ನು ಕೊಠಡಿಯಿಂದ ಎಬ್ಬಿಸಿ ಒಂದು ತಿಂಗಳಾದರೂ ಅಂಗನವಾಡಿಯ ನೆಲದ ಮೇಲೆ ಕೂರಿಸಬೇಕು. ಮೊದಲ ವಾರ ಅವನು ಕಲಿಸಕೂಡದು. ಮಕ್ಕಳು ಕರೆದರೆ ಆಡಲಿ, ಸೋಲಲಿ, ಸಂಜೆ ಕಂಡದ್ದನ್ನು ಬರೆಯಲಿ. ಪ್ರಶ್ನೆಪತ್ರಿಕೆಯ ಬದಲು ಆ ಬರಹವನ್ನೇ ಪರೀಕ್ಷಕರು ಓದಲಿ.