ಎದೆನೋವಿಗೆ ಸೋಡಾ ಕುಡಿಸುವವರಿಗೆ

ಎದೆ ಹಿಡಿದು ಕುಳಿತವನ ಕೈಗೆ ಸೋಡಾ ಕೊಟ್ಟು 'ಗ್ಯಾಸ್ ಆಗೈತಿ, ತಾನ ಕಡಿಮಿ ಆಗತೈತಿ' ಎನ್ನುವ ರೂಢಿ ಬಾದಾಮಿಯ ಕಡೆ ಇನ್ನೂ ಹೋಗಿಲ್ಲ. ಮುಚ್ಚಿದ ರಕ್ತನಾಳ ತೆರೆಸಿದರೂ ಹೃದಯಕ್ಕೆ ಪೆಟ್ಟಂತೆ, ಹಾಗಾದರೆ ಆತುರವೇಕೆ ಎಂಬ ಓದಿದವರ ಮಾತನ್ನೂ ನಾವು ಕೇಳಿದ್ದೇವೆ.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. 2019ರ ಆಗಸ್ಟ್‌ನಲ್ಲಿ ಮಳೆಗಾಗಿ ಕಾದಿದ್ದ ನೆಲಕ್ಕೆ ಮಲಪ್ರಭೆ ನುಗ್ಗಿ, ಪಟ್ಟದಕಲ್ಲಿನ ಗುಡಿಗಳೂ ನೀರಿನಲ್ಲಿ ನಿಂತದ್ದನ್ನು ನಾವು ಮರೆತಿಲ್ಲ. ಹೃದಯದಲ್ಲೂ ಹಾಗೆಯೇ. ರಕ್ತವಿಲ್ಲದೆ ಬಳಲಿದ ಸ್ನಾಯುಕೋಶಕ್ಕೆ ರಕ್ತ ಮರಳಿದಾಗ ಕ್ಯಾಲ್ಸಿಯಂ ಮಿತಿಮೀರುತ್ತದೆ. ಆಮ್ಲಜನಕದಿಂದ ಹಾನಿಕಾರಕ ಕಣಗಳು ಹುಟ್ಟುತ್ತವೆ. ಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾ ಒಡೆಯುತ್ತದೆ. ಬದುಕಬಹುದಾಗಿದ್ದ ಕೆಲವು ಕೋಶಗಳೂ ಸಾಯುತ್ತವೆ.

ಆದರೆ ನೆರೆಗೆ ಹೆದರಿ ಬೆಳೆಯನ್ನು ಒಣಗಿಸುವುದು ಯಾವ ಒಕ್ಕಲುತನ? ರಕ್ತ ಮರಳದ ಕೋಶ ಉಳಿಯುವುದೇ ಇಲ್ಲ. ತಡವಾದಷ್ಟೂ ಸಾಯುವ ಕೋಶಗಳೇ ಹೆಚ್ಚು.

ಈ ಪೆಟ್ಟನ್ನು ತಡೆಯುವ ಮದ್ದಿಗಾಗಿ ಜಗತ್ತು ಹುಡುಕದೆ ಕುಳಿತಿಲ್ಲ. 1986ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಯಿಗಳ ಹೃದಯನಾಳವನ್ನು ಮೊದಲೇ ನಾಲ್ಕು ಬಾರಿ, ಐದೈದು ನಿಮಿಷ ಕಟ್ಟಿ ಬಿಟ್ಟಾಗ ಮುಂದಿನ ಆಘಾತದ ಹಾನಿ ಕಾಲುಭಾಗಕ್ಕೆ ಇಳಿಯಿತು. ಆಸೆ ಚಿಗುರಿತು. ಆದರೆ 2015ರಲ್ಲಿ ಸುಮಾರು 970 ರೋಗಿಗಳಲ್ಲಿ ಪರೀಕ್ಷಿಸಿದ ಸೈಕ್ಲೋಸ್ಪೋರಿನ್ ಫಲ ಕೊಡಲಿಲ್ಲ. ತೋಳಿಗೆ ಪಟ್ಟಿ ಬಿಗಿದು ಸಡಿಲಿಸುವ ವಿಧಾನವೂ 2019ರಲ್ಲಿ 5,400 ರೋಗಿಗಳಲ್ಲಿ ಸೋತಿತು. ಹೀಗಿರುವಾಗ 'ಹೃದಯ ರಕ್ಷಕ' ಎಂದು ಡಬ್ಬಿ ಮಾರುವವರು ಯಾವ ಪುರಾವೆ ತೋರಿಸುತ್ತಾರೆ?

ಇಂದು ನಮ್ಮ ಕೈಯಲ್ಲಿರುವ ದೊಡ್ಡ ರಕ್ಷಣೆ ಸಮಯವೊಂದೇ. ಬೇಗ ಇಸಿಜಿ ಆಗಬೇಕು. ವೈದ್ಯರು ತಕ್ಕದ್ದೆಂದು ಕಂಡರೆ 12 ಗಂಟೆಯೊಳಗೆ, ಅದರಲ್ಲೂ ಮೊದಲ ಗಂಟೆಗಳಲ್ಲೇ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬೀಳಬೇಕು. ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆ ಈ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವುದಕ್ಕೇ ಇದೆ. ಎಲ್ಲ ತಾಲೂಕುಗಳಿಗೂ ಅದನ್ನು ವಿಸ್ತರಿಸುವುದಾಗಿ 2025ರಲ್ಲಿ ಸರ್ಕಾರ ಹೇಳಿತು.

ಹೇಳಿದ್ದು ಸಾಲದು. ಇಳಕಲ್ಲಿನ ನೇಕಾರನಿಗೂ ಹುನಗುಂದದ ಕೂಲಿಯವನಿಗೂ ನಡುರಾತ್ರಿ ಎದೆನೋವು ಬಂದರೆ ಇಂಜೆಕ್ಷನ್ ಅಲ್ಲಿರಬೇಕು, ಹಾಕಬಲ್ಲವರೂ ಇರಬೇಕು. ಇದನ್ನು ನಾವು ಬೇಡುತ್ತಿಲ್ಲ, ಹಕ್ಕಿನಿಂದ ಕೇಳುತ್ತಿದ್ದೇವೆ.

ನಮ್ಮ ಪಾಲಿನ ಕೆಲಸವೂ ಇದೆ. ಜುಮಾ ನಮಾಜಿನ ನಂತರ ಎರಡು ನಿಮಿಷ, ಬನಶಂಕರಿ ಜಾತ್ರೆಯಲ್ಲಿ ಒಂದು ಫಲಕ ಇದಕ್ಕೆ ಮೀಸಲಾಗಲಿ. ಸೋಡಾ ಬಾಟಲಿ ಕೆಳಗಿಡಿ, 108ಕ್ಕೆ ಕರೆ ಮಾಡಿ. ಗ್ಯಾಸೋ ಅಲ್ಲವೋ ಎಂಬುದನ್ನು ಇಸಿಜಿ ಹೇಳಲಿ.